ಮೀಸೆಮೀನಿನ ಹೆಸರು: ತಪ್ಪು ಕಲ್ಪನೆ ಮತ್ತು ಸತ್ಯ

ಲಕ್ಷ್ಮೇಶ್ವರ ಎಂಬ ಹೆಸರನ್ನಷ್ಟೇ ಕೇಳಿದವರಿಗೆ ಅದರ ಹಿಂದಿನ ಪುಲಿಗೆರೆ ಕಾಣುವುದಿಲ್ಲ. ಶಾಸನವನ್ನೋ ಪಂಪನನ್ನೋ ಓದಿದವರು ಹೇಳಿದ ಮೇಲೆಯೇ ಊರಿನ ಹಳೆಯ ಹೆಸರು ಎದ್ದು ಬರುತ್ತದೆ. ಮೀನಿನ ಹೆಸರುಗಳ ಕಥೆಯೂ ಇಷ್ಟೇ.

ಗದಗ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ, ಶಿರಹಟ್ಟಿ ಮತ್ತು ಮುಂಡರಗಿ ಸೀಮೆಯನ್ನು ಸವರಿಕೊಂಡು ತುಂಗಭದ್ರೆ ಹರಿಯುತ್ತದೆ. ಕೃಷ್ಣಾ ಕೊಳ್ಳದ ಈ ಹೊಳೆಗಳಲ್ಲಿ ಹುರುಪೆಯಿಲ್ಲದ, ಬಾಯಿಯ ಸುತ್ತ ಮೀಸೆಯಿರುವ ಮೀನುಗಳ ದೊಡ್ಡ ಬಳಗವೇ ಇದೆ. ಕನ್ನಡದಲ್ಲಿ ಬಾಳೆ, ಗಿರ್ಲು, ಚೇಳುಮೀನು, ಮುರುಗೋಡು ಎಂದು ಅವಕ್ಕೆ ಹೆಸರುಂಟು. ಪಠ್ಯಪುಸ್ತಕದಲ್ಲಿ ಇವೇ ಮೀನುಗಳು ಬೇರೆ ಹೆಸರು ಹೊತ್ತು ಬಂದಾಗ ಓದುಗರು ಒಂದೋ ಬಾಯಿಪಾಠ ಮಾಡುತ್ತಾರೆ, ಇಲ್ಲವೇ ಸದ್ದು ಕೇಳಿ ಅರ್ಥ ಊಹಿಸುತ್ತಾರೆ. ಊಹೆ ಬಹಳ ಸಲ ತಪ್ಪುತ್ತದೆ.

ತಪ್ಪು ಕಲ್ಪನೆ 1: ವೈಜ್ಞಾನಿಕ ಹೆಸರುಗಳೆಲ್ಲ ಲ್ಯಾಟಿನ್ ಇಲ್ಲವೇ ಗ್ರೀಕ್; ನಮ್ಮ ನುಡಿಗೂ ಅವಕ್ಕೂ ಸಂಬಂಧವಿಲ್ಲ.

ಸತ್ಯ: ಹೆಸರಿಡುವ ವ್ಯಾಕರಣ ಲ್ಯಾಟಿನ್ನಿನದು. ಪದ ಮಾತ್ರ ಯಾವ ಭಾಷೆಯದಾದರೂ ಆಗಬಹುದು. ಅಗಲ ಬಾಯಿಯ, ಚಪ್ಪಟೆ ಮೈಯ, ಬೇರೆ ಮೀನುಗಳನ್ನು ಬೇಟೆಯಾಡಿ ತಿನ್ನುವ ನಮ್ಮ ಬಾಳೆಮೀನನ್ನೇ ನೋಡಿ. ಅದರ ವೈಜ್ಞಾನಿಕ ಹೆಸರು ‘ವಲ್ಲಾಗೊ ಅಟ್ಟು’. ಬರ್ಲಿನ್ನಿನ ವೈದ್ಯ ಮಾರ್ಕಸ್ ಬ್ಲಾಕ್ ಬರೆದಿಟ್ಟು ತೀರಿಹೋದ ಗ್ರಂಥವನ್ನು ಶ್ನೈಡರ್ ಪೂರ್ಣಗೊಳಿಸಿ 1801ರಲ್ಲಿ ಹೊರತಂದರು. ಮಲಬಾರಿನಿಂದ ಬಂದ ಈ ಮೀನಿಗೆ ಅದರಲ್ಲಿ ‘ಅಟ್ಟು’ ಎಂಬ ಹೆಸರು ಬಿತ್ತು. ಮಲಯಾಳದಲ್ಲಿ ಈ ಮೀನು ಇಂದಿಗೂ ‘ಆಟ್ಟುವಾಳ’. ‘ಆಟ್ಟು’ ಎಂದರೆ ಹೊಳೆಯ. ಆಟ್ಟುವಾಳ ಎಂದರೆ ಹೊಳೆಬಾಳೆ. ಮೀನಿನ ಹೆಸರು ಬಿಟ್ಟುಹೋಗಿ ‘ಹೊಳೆಯ’ ಎಂಬುದಷ್ಟೇ ವಿಜ್ಞಾನಕ್ಕೆ ದಕ್ಕಿತು. 1851ರಲ್ಲಿ ಡಚ್ ವೈದ್ಯ ಬ್ಲೀಕರ್ ಇದರ ಕುಲಕ್ಕೆ ‘ವಲ್ಲಾಗೊ’ ಎಂದು ಹೆಸರಿಟ್ಟಾಗ ತೆಗೆದುಕೊಂಡದ್ದು ತೆಲುಗಿನ ‘ವಾಲುಗ’ವನ್ನು. ಲ್ಯಾಟಿನ್ನಿನಂತೆ ಕೇಳಿಸುವ ಈ ಎರಡು ಪದಗಳಲ್ಲಿ ಲ್ಯಾಟಿನ್ ಮೂಲದ್ದು ಒಂದೂ ಇಲ್ಲ. ಎರಡೂ ದ್ರಾವಿಡ ನುಡಿಗಳು.

ತಪ್ಪು ಕಲ್ಪನೆ 2: ಬಾಳೆಮೀನಿಗೂ ಬಾಳೆಗಿಡಕ್ಕೂ ಹೆಸರಿನ ನಂಟಿದೆ.

ಸತ್ಯ: ಇಂದು ಎರಡನ್ನೂ ಒಂದೇ ತೆರನಾಗಿ ಬರೆಯುತ್ತೇವೆ, ಹಿಂದೆ ಹಾಗಿರಲಿಲ್ಲ. ಬಾಳೆಗಿಡದ ಹೆಸರಿನಲ್ಲಿದ್ದದ್ದು ಹಳಗನ್ನಡದ ೞಕಾರ, ಅದು ‘ಬಾೞೆ’. ಕನ್ನಡ ಆ ಅಕ್ಷರವನ್ನು ಬಿಟ್ಟಿತು, ತಮಿಳು ಉಳಿಸಿಕೊಂಡಿತು. ಹಾಗಾಗಿ ಇಂದಿಗೂ ತಮಿಳರ ಬಾಯಲ್ಲಿ ಗಿಡ ‘ವಾೞೈ’, ಮೀನು ‘ವಾಳೈ’. ನಮ್ಮ ಬಾಳೆ, ತಮಿಳಿನ ವಾಳೈ, ಮಲಯಾಳದ ವಾಳ, ಇವು ಮೀನಿಗೆ ಇರುವ ಒಂದೇ ಮನೆತನದ ಹೆಸರುಗಳು. ಗಿಡದ ಹೆಸರು ಬೇರೆಯೇ ಬೇರಿನದು.

ತಪ್ಪು ಕಲ್ಪನೆ 3: ‘ಸಿಲೋನಿಯಾ ಚಿಲ್ಡ್ರೆನೈ’ ಎಂದರೆ ಸಿಲೋನಿನ, ಮಕ್ಕಳಿಗೆ ಸಂಬಂಧಿಸಿದ ಮೀನು.

ಸತ್ಯ: ಎರಡೂ ಅಲ್ಲ. ‘ಸಿಲೋನಿಯಾ’ ಬಂದದ್ದು ಬಂಗಾಳದ ಬೆಸ್ತರು ಈ ಕುಲದ ಮೀನನ್ನು ಕರೆಯುವ ‘ಶಿಲೊಂಗ್’ ಎಂಬ ಹೆಸರಿನಿಂದ. ‘ಚಿಲ್ಡ್ರೆನೈ’ ಬಂದದ್ದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ವಿಜ್ಞಾನಿ ಜಾನ್ ಜಾರ್ಜ್ ಚಿಲ್ಡ್ರನ್ ಅವರಿಂದ. ವ್ಯಕ್ತಿಯ ಹೆಸರಿನ ಕೊನೆಗೆ ಲ್ಯಾಟಿನ್ನಿನ ‘ಐ’ (i) ಪ್ರತ್ಯಯ ಹತ್ತಿದರೆ ಅದು ನಮ್ಮ ಷಷ್ಠೀ ವಿಭಕ್ತಿಯ ಕೆಲಸ ಮಾಡುತ್ತದೆ: ಚಿಲ್ಡ್ರನ್‌ನ ಮೀನು. ಕೃಷ್ಣಾ, ಗೋದಾವರಿ ಕೊಳ್ಳಗಳ ಈ ಮೀನು ಇಂದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

‘ಚಿಲ್ಡ್ರೆನೈ’ ಎಂದು ಹೆಸರಿಟ್ಟವರು ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್, 1839ರಲ್ಲಿ. ಮುಂಬಯಿ ಸರ್ಕಾರಕ್ಕಾಗಿ ಅವರು ಅಂಕಿಅಂಶ ಕಲೆಹಾಕಿದ ದಖನ್ ಸೀಮೆಯಲ್ಲಿ ಪುಣೆ, ಅಹ್ಮದ್‌ನಗರ, ಖಾನದೇಶಗಳ ಜೊತೆ ಧಾರವಾಡ ಕಲೆಕ್ಟರೇಟೂ ಸೇರಿತ್ತು. ಗದಗ 1997ರವರೆಗೆ ಇದ್ದದ್ದು ಆ ಧಾರವಾಡ ಜಿಲ್ಲೆಯಲ್ಲೇ.

ತಪ್ಪು ಕಲ್ಪನೆ 4: ‘ಸೀಂಘಾಲ’ ಸಿಂಹಳದ ಮೀನು, ‘ರೀಟಾ’ ಯಾವುದೋ ಹೆಣ್ಣುಮಗಳ ಹೆಸರು.

ಸತ್ಯ: ‘ಸ್ಪೆರಾಟಾ ಸೀಂಘಾಲ’ಕ್ಕೂ ಲಂಕೆಗೂ ಸಂಬಂಧವಿಲ್ಲ. ಮರಾಠಿ ಬೆಸ್ತರ ಬಾಯಲ್ಲಿದ್ದ ‘ಶಿಂಗಾಳಾ’ ಎಂಬ ಹೆಸರನ್ನೇ ಸೈಕ್ಸ್ ತಮ್ಮ ಕಿವಿಗೆ ಕೇಳಿಸಿದಂತೆ ಬರೆದುಕೊಂಡರು. ‘ರೀಟಾ’ ಬಂಗಾಳದ ಮೀನುಗಾರರ ಮಾತು. ಅದನ್ನು ಗ್ರಂಥಕ್ಕೆ ತಂದವರು ಫ್ರಾನ್ಸಿಸ್ ಹ್ಯಾಮಿಲ್ಟನ್, ಗಂಗಾನದಿಯ ಮೀನುಗಳ ಬಗ್ಗೆ 1822ರಲ್ಲಿ ಬಂದ ಪುಸ್ತಕದಲ್ಲಿ. ಈ ಹ್ಯಾಮಿಲ್ಟನ್ ಬೇರಾರೂ ಅಲ್ಲ, ಟಿಪ್ಪು ಮಡಿದ ಮರುವರ್ಷ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ ಬರೆದ ನಮಗೆ ಗೊತ್ತಿರುವ ಬುಕನನ್. ಮುಂದೆ ತಾಯಿಯ ಮನೆತನದ ಹೆಸರನ್ನು ಇಟ್ಟುಕೊಂಡರು.

ಇಂಥ ರೂಢಿ ಬ್ರಿಟಿಷರೊಂದಿಗೆ ಮುಗಿಯಲಿಲ್ಲ. 1952ರಲ್ಲಿ ಸಿ.ವಿ. ಕುಲಕರ್ಣಿ ಅವರು ಕೃಷ್ಣಾ ಕೊಳ್ಳದ ಒಂದು ಸಣ್ಣ ಮೀಸೆಮೀನಿಗೆ ‘ಖವಲಚೋರ್’ ಎಂದೇ ಹೆಸರಿಟ್ಟರು. ಮರಾಠಿಯಲ್ಲಿ ಅದರರ್ಥ ಹುರುಪೆಗಳ್ಳ. ಬೇರೆ ಮೀನುಗಳ ಮೈಯಿಂದ ಹುರುಪೆ ಕಿತ್ತು ತಿನ್ನುವುದು ಆ ಮೀನಿನ ಬದುಕು. ಒಂದೇ ಪದದಲ್ಲಿ ಅದರ ನಡತೆಯೆಲ್ಲ ಬಂದಿದೆ.

ತಪ್ಪು ಕಲ್ಪನೆ 5: ಚೇಳುಮೀನಿನ ಹೆಸರಿನಲ್ಲಿ ‘ಫಾಸಿಲಿಸ್’ ಇದೆ, ಆದ್ದರಿಂದ ಅದು ಪಳೆಯುಳಿಕೆ ಕಾಲದ ಮೀನು.

ಸತ್ಯ: ಲ್ಯಾಟಿನ್ನಿನಲ್ಲಿ ಫಾಸಿಲಿಸ್ ಎಂದರೆ ಅಗೆದು ತೆಗೆದದ್ದು, ಅಷ್ಟೇ. ಪಳೆಯುಳಿಕೆಗೆ ಆ ಹೆಸರು ಬಂದದ್ದೂ ಅದನ್ನು ನೆಲದಿಂದ ಅಗೆದು ತೆಗೆಯುವುದರಿಂದ. ತಮಿಳುನಾಡಿನ ತರಂಗಂಬಾಡಿಯಿಂದ ಬಂದ ಈ ಮೀನಿಗೆ ಬ್ಲಾಕ್ 1794ರಲ್ಲಿ ಹೆಸರಿಟ್ಟಾಗ ಕಣ್ಣಮುಂದೆ ಇದ್ದದ್ದು ಕೆಸರಿನಲ್ಲಿ ಹುದುಗಿಕೊಳ್ಳುವ ಅದರ ಗುಣ. ಬೇಸಿಗೆಯಲ್ಲಿ ಕೆರೆಯಂಗಳ ಬಿರಿಯುವ ನಮ್ಮ ಬಯಲುಸೀಮೆಯವರಿಗೆ ಈ ಹೆಸರನ್ನು ವಿವರಿಸಿ ಹೇಳಬೇಕಾಗಿಲ್ಲ. ಅದರ ಕುಲದ ಹೆಸರು ‘ಹೆಟೆರೊಪ್ನ್ಯೂಸ್ಟಿಸ್’ ಗ್ರೀಕ್ ಮೂಲದ್ದು. ಬೇರೆ ಬಗೆಯಲ್ಲಿ ಉಸಿರಾಡುವುದು ಎಂದರ್ಥ. ಕಿವಿರಿನಿಂದ ಹಿಂದಕ್ಕೆ ಚಾಚಿದ ಎರಡು ಗಾಳಿಚೀಲಗಳಿಂದ ಅದು ನೇರವಾಗಿ ಗಾಳಿಯನ್ನೇ ಉಸಿರಾಡಬಲ್ಲದು. ಇನ್ನು ಕನ್ನಡದ ಹೆಸರು ಎಚ್ಚರಿಕೆಯನ್ನೇ ಹೇಳುತ್ತದೆ: ಎದೆಯ ಈಜುರೆಕ್ಕೆಯ ಮುಳ್ಳು ಚುಚ್ಚಿದರೆ ಚೇಳು ಕುಟುಕಿದಂತೆ ಉರಿ. ಒಂದು ಹೆಸರು ಅದರ ಮನೆಯನ್ನು, ಒಂದು ಉಸಿರನ್ನು, ಒಂದು ಅದರ ವಿಷವನ್ನು ಹೇಳಿತು. ಮೂರೂ ನಿಜ.

ತಪ್ಪು ಕಲ್ಪನೆ 6: ಮುರುಗೋಡು, ಮಾಗುರ್, ಆಫ್ರಿಕನ್ ಕ್ಯಾಟ್‌ಫಿಶ್ ಎಲ್ಲ ಒಂದೇ, ವೈಜ್ಞಾನಿಕ ಹೆಸರು ಕ್ಲೇರಿಯಸ್ ಬ್ಯಾಟ್ರಾಕಸ್.

ಸತ್ಯ: ಈ ತಪ್ಪಿಗೆ ಹೊಳೆಗಳು ಬೆಲೆ ತೆರುತ್ತವೆ, ಆದ್ದರಿಂದ ಇದನ್ನು ತಿದ್ದಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ‘ಕ್ಲೇರಿಯಸ್’ ಗ್ರೀಕ್ ಮೂಲದ್ದು; ಚುರುಕಾದದ್ದು ಎಂದರ್ಥ. ನೀರಿನಿಂದ ತೆಗೆದ ಮೇಲೂ ಬಹಳ ಹೊತ್ತು ಜೀವ ಹಿಡಿದಿರುವ ಗುಣಕ್ಕೆ ಬಂದ ಹೆಸರು. ‘ಬ್ಯಾಟ್ರಾಕಸ್’ ಎಂದರೆ ಕಪ್ಪೆ. ಲಿನೇಯಸ್ 1758ರಲ್ಲಿ ಆ ಹೆಸರಿಟ್ಟದ್ದು ಜಾವಾದ ಕಡೆಯ ಮೀನಿಗೆ ಎಂಬುದನ್ನು ಸಂಶೋಧಕರು 2008ರಲ್ಲಿ ಬಿಡಿಸಿ ತೋರಿಸಿದರು. ಉತ್ತರ ಭಾರತ, ಬಂಗಾಳಗಳ ಮೀನು ‘ಕ್ಲೇರಿಯಸ್ ಮಾಗುರ್’. ಅದು ಅಲ್ಲಿನ ಜನರದೇ ಮಾತು. ಪಶ್ಚಿಮ ಘಟ್ಟದ ಕಡೆಯದು ‘ಕ್ಲೇರಿಯಸ್ ಡುಸುಮಿಯೆರಿ’. ಫ್ರೆಂಚ್ ವರ್ತಕ, ಸಂಗ್ರಾಹಕ ಡುಸುಮಿಯೆ ಅವರ ನೆನಪಿನದು.

ಸಾಕಣೆ ಹೊಂಡಗಳಿಗೆ ಕದ್ದು ಬರುವ ಮೀನು ಇವುಗಳಲ್ಲಿ ಯಾವುದೂ ಅಲ್ಲ. ಅದು ‘ಕ್ಲೇರಿಯಸ್ ಗ್ಯಾರಿಪಿನಸ್’. ದಕ್ಷಿಣ ಆಫ್ರಿಕದ ಆರೆಂಜ್ ನದಿಯನ್ನು ಅಲ್ಲಿನ ಮೂಲನಿವಾಸಿಗಳು ಗ್ಯಾರಿಪ್ ಎನ್ನುತ್ತಾರೆ. ಆ ಹೊಳೆಯ ಮೀನು ಎಂದೇ ಹೆಸರಿನ ಅರ್ಥ. ಇಂಗ್ಲಿಷ್ ಪ್ರವಾಸಿ ಬರ್ಚೆಲ್ ಆಫ್ರಿಕದಲ್ಲಿ ಕಂಡ ಈ ಮೀನಿಗೂ ಹ್ಯಾಮಿಲ್ಟನ್ ಭಾರತದಲ್ಲಿ ಕಂಡ ಮಾಗುರಿಗೂ ಹೆಸರು ಬಿದ್ದದ್ದು ಒಂದೇ ವರ್ಷ, 1822ರಲ್ಲಿ. ಆಫ್ರಿಕದ ಮೀನು ಒಂದು ಮೀಟರಿಗೂ ಮೀರಿ ಬೆಳೆಯಬಲ್ಲದು; ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಹೊಂಡದಿಂದ ಹೊಳೆಗೆ ನುಗ್ಗಿದರೆ ನಾಡಮೀನುಗಳಿಗೆ ಉಳಿವಿಲ್ಲ. ಅದಕ್ಕೇ ಭಾರತದಲ್ಲಿ ಇದರ ಸಾಕಣೆಗೆ ನಿಷೇಧವಿದೆ. ‘ಮಾಗುರ್’ ಎಂಬ ಹೆಸರಿನ ಮರೆಯಲ್ಲಿ ನಿಷೇಧಿತ ಮೀನನ್ನು ಮಾರುವುದೂ, ಹೆದರಿಕೆಯಲ್ಲಿ ನಾಡಮೀನನ್ನೇ ದೂರುವುದೂ ಈ ಗೊಂದಲದ ಎರಡು ಫಲ.

ತಪ್ಪು ಕಲ್ಪನೆ 7: ವೈಜ್ಞಾನಿಕ ಹೆಸರಿನ ಮುಂದೆ ಅದನ್ನಿಟ್ಟವರ ಹೆಸರನ್ನು ಆವರಣ ಚಿಹ್ನೆಯೊಳಗೆ ಬರೆದರೆ ಆ ವೈಜ್ಞಾನಿಕ ಹೆಸರು ಸಂಶಯದ್ದು.

ಸತ್ಯ: ಸಂಶಯವೇನಿಲ್ಲ. ಮೊದಲು ಒಂದು ಕುಲಕ್ಕೆ ಸೇರಿಸಿದ್ದ ಮೀನನ್ನು ಮುಂದೆ ಬೇರೆ ಕುಲಕ್ಕೆ ಸೇರಿಸಿದ್ದಾರೆ ಎಂಬುದಷ್ಟೇ ಅದರ ಅರ್ಥ. ಮನೆ ಬದಲಾಗಿದೆ, ಹೆಸರು ಉಳಿದಿದೆ.

ಇಷ್ಟನ್ನೂ ನೋಡಿದ ಮೇಲೆ ಒಂದು ಮಾತು ಮನಸ್ಸಿಗೆ ನಾಟುತ್ತದೆ. ಬಂಗಾಳಿ, ಮರಾಠಿ, ತೆಲುಗು, ಮಲಯಾಳದ ಬೆಸ್ತರ ಮಾತು ವಿಜ್ಞಾನದಲ್ಲಿ ಉಳಿದದ್ದು ಯಾರೋ ಒಬ್ಬರು ದಡದಲ್ಲಿ ನಿಂತು ‘ಇದಕ್ಕೇನಂತೀರಿ?’ ಎಂದು ಕೇಳಿ ಬರೆದುಕೊಂಡದ್ದರಿಂದ. ಹಮ್ಮಿಗಿ, ಕೊರ್ಲಹಳ್ಳಿ ದಡದ ಅಂಬಿಗರ ಮಾತೂ ಅಷ್ಟೇ ಬೆಲೆಯದು. ಗದಗ-ಬೆಟಗೇರಿಯ, ಲಕ್ಷ್ಮೇಶ್ವರದ, ಶಿರಹಟ್ಟಿ-ಮುಂಡರಗಿಯ ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಹೊಳೆಗೆ ಹೋದಾಗ ಒಂದು ನೋಟುಬುಕ್ಕು ಒಯ್ಯಲಿ. ಮೀನಿನ ಚಿತ್ರ, ಸಿಕ್ಕ ಜಾಗ, ತಿಂಗಳು, ಹಿರಿಯರು ಹೇಳಿದ ಹೆಸರು, ಅದರ ಪಕ್ಕಕ್ಕೆ ವೈಜ್ಞಾನಿಕ ಹೆಸರು ಬರೆದಿಡಲಿ. ಮೀನು ಉಳಿಯಬೇಕಾದರೆ ಮೊದಲು ಅದನ್ನು ಸರಿಯಾದ ಹೆಸರಿನಿಂದ ಗುರುತಿಸುವವರು ಉಳಿಯಬೇಕು.