ನಡುನಡುವೆ ನಿಲ್ಲುವ ಡೀಸೆಲ್ ಪಂಪ್‌ಸೆಟ್ಟು: ಕಾರಣ ಹುಡುಕುವ ಕ್ರಮ

ಆನವಟ್ಟಿ ಸೀಮೆಯ ಭತ್ತದ ಬೇಸಾಯ ಮಳೆಯನ್ನೂ ಕೆರೆಯನ್ನೂ ನಂಬಿದ್ದು. ಮಳೆ ಹದಿನೈದು ದಿನ ಕೈಕೊಟ್ಟರೆ ವರದಾ ಹೊಳೆಯಿಂದಲೋ ದಂಡಾವತಿಯಿಂದಲೋ ಊರ ಕೆರೆಯಿಂದಲೋ ನೀರೆತ್ತಿ ಸಸಿಮಡಿಯನ್ನು ಉಳಿಸಿಕೊಳ್ಳಬೇಕು. ವಿದ್ಯುತ್ತು ಇಲ್ಲದ ಕಡೆ ಡೀಸೆಲ್ ಪಂಪ್‌ಸೆಟ್ಟೇ ಗತಿ. ಅಂಥ ವೇಳೆಯಲ್ಲೇ ಇಂಜಿನು ಅರ್ಧ ಗಂಟೆ ಓಡಿ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ತಿರುಗಿಸಿದರೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಮೇಸ್ತ್ರಿ ಬಂದಾಗ ಮಾತ್ರ ಸರಿಯಾಗಿಯೇ ಇರುತ್ತದೆ!

ಹೀಗೆ ನಿಂತು ನಿಂತು ಓಡುವ ಇಂಜಿನಿನ ದೋಷ ಬಹುಮಟ್ಟಿಗೆ ಅದರ ಒಳಗಿರುವುದಿಲ್ಲ. ಡೀಸೆಲ್ ಬರುವ ದಾರಿಯಲ್ಲಿರುತ್ತದೆ. ಆದ್ದರಿಂದ ಇಂಜಿನು ಬಿಚ್ಚುವ ಮೊದಲು ಆ ದಾರಿಯನ್ನು ಪರೀಕ್ಷಿಸಬೇಕು.

ಇಂಜಿನು ಬೇಡುವುದೇನು?

ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬವರು 1897ರಲ್ಲಿ ಈ ಬಗೆಯ ಇಂಜಿನನ್ನು ಓಡಿಸಿ ತೋರಿಸಿದರು. ಇದರಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಬಲವಾಗಿ ಒತ್ತಿದ್ದರಿಂದ ಕಾದ ಗಾಳಿಗೆ ಡೀಸೆಲನ್ನು ಮಂಜಿನಂತೆ ಸಿಂಪಡಿಸಿದಾಗ ಅದು ತಾನಾಗಿ ಉರಿಯುತ್ತದೆ. ನಿಮಿಷಕ್ಕೆ 1500 ಸುತ್ತು ತಿರುಗುವ 5 ಅಶ್ವಶಕ್ತಿಯ ಇಂಜಿನು ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 1 ಲೀಟರ್ ಡೀಸೆಲ್ ಉರಿಸುತ್ತದೆ. ಸಿಂಪಡಣೆ ನಿಮಿಷಕ್ಕೆ 750 ಸಲ. ಅಂದರೆ ಸಲಕ್ಕೆ ಅರ್ಧ ಹನಿಯಷ್ಟು ಮಾತ್ರ. ಇಷ್ಟು ಸಣ್ಣ ಅಳತೆಯಲ್ಲಿ ಒಂದು ಗಾಳಿಗುಳ್ಳೆಯೋ ನೀರಿನ ಹನಿಯೋ ಹೊಕ್ಕರೆ ಇಂಜಿನು ತಡವರಿಸುವುದರಲ್ಲಿ ಆಶ್ಚರ್ಯವಿಲ್ಲ.

ಮೊದಲ ಪರೀಕ್ಷೆ

ಇಂಜಿನು ನಿಂತ ಕೂಡಲೇ ಡಿಕಂಪ್ರೆಷನ್ ಲಿವರನ್ನು ಎತ್ತಿ ಹ್ಯಾಂಡಲ್ ತಿರುಗಿಸಿ ನೋಡಿರಿ. ಬಿಗಿಯಾಗಿದ್ದರೆ ಕಾರಣ ಶಾಖ. ತಂಪು ಮಾಡುವ ನೀರು ಬಾರದಿರಬಹುದು, ಫುಟ್‌ವಾಲ್ವಿಗೆ ಕೆರೆಯ ಕಳೆ ಸಿಕ್ಕಿರಬಹುದು, ಇಲ್ಲವೆ ಇಂಜಿನ್ ಆಯಿಲ್ ತಗ್ಗಿರಬಹುದು. ಕಾದ ಇಂಜಿನಿಗೆ ತಣ್ಣೀರು ಸುರಿಯಬಾರದು, ಎರಕ ಬಿರಿಯುತ್ತದೆ. ತಾನಾಗಿ ಆರಲು ಬಿಟ್ಟು, ಕಾರಣ ಸರಿಪಡಿಸುವವರೆಗೆ ಓಡಿಸಕೂಡದು. ಹ್ಯಾಂಡಲ್ ಸಲೀಸಾಗಿ ತಿರುಗಿದರೆ ಡೀಸೆಲ್ ದಾರಿಯನ್ನು ಟ್ಯಾಂಕಿನಿಂದ ಕೆಳಕ್ಕೆ ಹೀಗೆ ನೋಡುತ್ತ ಬನ್ನಿರಿ.

1. ಟ್ಯಾಂಕಿನ ಮುಚ್ಚಳ: ಇದರಲ್ಲಿ ಗಾಳಿಯಾಡಲು ಸಣ್ಣ ತೂತಿರುತ್ತದೆ. ಡೀಸೆಲ್ ಇಳಿದಷ್ಟೂ ಗಾಳಿ ಒಳಗೆ ಹೋಗಬೇಕು. ತೂತಿಗೆ ಧೂಳು ಮೆತ್ತಿದರೆ, ಇಲ್ಲವೆ ಮಳೆಗೆಂದು ಪ್ಲಾಸ್ಟಿಕ್ ಬಿಗಿದು ಕಟ್ಟಿದ್ದರೆ ಡೀಸೆಲ್ ಇಳಿಯುವುದು ನಿಲ್ಲುತ್ತದೆ. ಇಂಜಿನು ನಿಂತಾಗ ಮುಚ್ಚಳ ಸಡಿಲಿಸಿರಿ. ಗಾಳಿ ಸುಯ್ಯೆಂದು ಒಳಗೆಳೆದರೆ ಕಳ್ಳ ಸಿಕ್ಕಿದಂತೆ. ತೂತನ್ನು ಸಣ್ಣ ತಂತಿಯಿಂದ ಬಿಡಿಸಿದರೆ ಸಾಕು.

2. ಕಸ: ಇಂಜೆಕ್ಷನ್ ಪಂಪಿನ ಬಳಿ ಕೊಳವೆ ಬಿಚ್ಚಿ, ಡೀಸೆಲನ್ನು ಚೊಕ್ಕಟವಾದ ಡಬ್ಬಿಗೆ ಐದು ನಿಮಿಷ ಹರಿಯಬಿಡಿರಿ. ಮೊದಲು ಚೆನ್ನಾಗಿ ಹರಿದು ಬರಬರುತ್ತ ಎಳೆಯಾದರೆ ಟ್ಯಾಂಕಿನ ಬಾಯಿಗೆ ಕಸ ಕೂಡುತ್ತಿದೆ, ಇಲ್ಲವೆ ಫಿಲ್ಟರ್ ಕಟ್ಟಿದೆ. ಇಂಜಿನು ನಿಂತಾಗ ಕಸ ತಳಕ್ಕೆ ಜಾರುವುದರಿಂದಲೇ ಮತ್ತೆ ಸ್ವಲ್ಪ ಹೊತ್ತು ಓಡುತ್ತದೆ. ಕಡಲಿನ ದೋಣಿಗಳಲ್ಲಿಯೂ ಇದೇ ಕಥೆ: ಅಲೆ ಎದ್ದು ಟ್ಯಾಂಕು ಕುಲುಕಿದಾಗ ತಳದ ಕೆಸರು ಕದಡಿ, ಬೇಕಾದ ಹೊತ್ತಿನಲ್ಲೇ ಇಂಜಿನು ನಿಲ್ಲುತ್ತದೆ. ನಮ್ಮ ಇಂಜಿನನ್ನು ಗಾಡಿಯಲ್ಲಿ ಹೇರಿ ಕೊರಕಲು ದಾರಿಯಲ್ಲಿ ತಂದಾಗಲೂ ಹಾಗೆಯೇ.

3. ನೀರು: ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ, ನೀರು 1000 ಗ್ರಾಂ ತೂಗುತ್ತದೆ. ಆದ್ದರಿಂದ ನೀರು ತಳ ಸೇರುತ್ತದೆ. ಅರೆಬರೆ ತುಂಬಿದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವವೂ ಹನಿಗಟ್ಟುತ್ತದೆ. ನೀರು ಉಳಿದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗಿ ಫಿಲ್ಟರನ್ನು ಮುಚ್ಚುತ್ತವೆ. ಹಿಂದೆ ಹಿಡಿದ ಡೀಸೆಲನ್ನು ಗಾಜಿನ ಬಾಟಲಿಗೆ ಹಾಕಿ ಒಂದು ಗಂಟೆ ಇಟ್ಟರೆ ನೀರು ತಳದಲ್ಲಿ ಬೇರೆಯಾಗಿ ಕಾಣುತ್ತದೆ.

4. ಗಾಳಿ: ಡೀಸೆಲ್ ಒಮ್ಮೆ ಪೂರ್ತಿ ಮುಗಿದರೆ, ಫಿಲ್ಟರ್ ಬದಲಿಸಿದರೆ, ಇಲ್ಲವೆ ವಾಷರ್ ಸವೆದರೆ ಗಾಳಿ ಹೊಗುತ್ತದೆ. ಡೀಸೆಲ್ ಒತ್ತಿದರೆ ಕುಗ್ಗದು, ಗಾಳಿ ಕುಗ್ಗುತ್ತದೆ. ಪಂಪಿನ ಒತ್ತಡವೆಲ್ಲ ಗುಳ್ಳೆಯಲ್ಲೇ ಕಳೆದುಹೋಗುತ್ತದೆ. ಫಿಲ್ಟರಿನ ಮೇಲಿನ ಗಾಳಿ ಬಿಡುವ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದೆ ಡೀಸೆಲ್ ಬರುವತನಕ ಬಿಟ್ಟು ಬಿಗಿಯಿರಿ. ಬಳಿಕ ಇಂಜೆಕ್ಷನ್ ಪಂಪಿನ ತಿರುಪನ್ನೂ ಹಾಗೆಯೇ ಮಾಡಿರಿ.

ಎಚ್ಚರಿಕೆ

ಒಂದು ಸಲಕ್ಕೆ ಒಂದನ್ನೇ ಸರಿಪಡಿಸಿ ಓಡಿಸಿ ನೋಡಬೇಕು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ನಿಜವಾದ ಕಾರಣ ತಿಳಿಯದೆ, ದೋಷ ಮತ್ತೆ ಬರುತ್ತದೆ. ಸಿಂಪಡಿಸುತ್ತಿರುವ ಇಂಜೆಕ್ಟರಿನ ಎದುರಿಗೆ ಕೈ ಹಿಡಿಯಲೇಬಾರದು. ಆ ಒತ್ತಡಕ್ಕೆ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇಂಜೆಕ್ಷನ್ ಪಂಪನ್ನು ಹೊಲದಲ್ಲಿ ಬಿಚ್ಚುವುದು ಸಲ್ಲದು. ಮೇಲಿನ ನಾಲ್ಕೂ ಸರಿಯಿದ್ದರೆ ಮೇಸ್ತ್ರಿಯನ್ನು ಕರೆಯಿರಿ. ಎಷ್ಟು ಹೊತ್ತು ಓಡಿ ನಿಂತಿತು, ಥಟ್ಟನೆ ನಿಂತಿತೋ ಕುಂಟುತ್ತ ನಿಂತಿತೋ, ಹೊಗೆಯ ಬಣ್ಣವೇನು ಎಂಬುದನ್ನು ಬರೆದಿಟ್ಟು ಅವರಿಗೆ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಡೀಸೆಲನ್ನು ಸಣ್ಣ ಜಾಲರಿಯ ಆಲಿಕೆಯಲ್ಲಿ ಸೋಸಿ ಹಾಕುವುದು, ಸಂಜೆ ಕೆಲಸ ಮುಗಿದೊಡನೆ ಟ್ಯಾಂಕು ತುಂಬಿಡುವುದು, ಮಳೆಗಾಲಕ್ಕೆ ಮುಂಚೆ ಒಮ್ಮೆ ಟ್ಯಾಂಕು ತೊಳೆದು ಫಿಲ್ಟರ್ ಬದಲಿಸುವುದು: ಈ ಮೂರನ್ನು ರೂಢಿ ಮಾಡಿಕೊಂಡರೆ, ಸಸಿಮಡಿ ಬಾಯಾರಿದ ದಿನ ಇಂಜಿನು ಕೈಕೊಡುವ ಸಂಭವ ಬಹಳ ಕಡಿಮೆ.