ಹಿಡಿ ಮಣ್ಣು

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಯಾರಾದರೂ ತೀರಿಕೊಂಡರೆ ‘ಮಣ್ಣಿಗೆ ಹೋಗಿಬರಬೇಕು’ ಅನ್ನುತ್ತಾರೆ. ಬಿತ್ತನೆಯ ದಿನವಾದರೂ ಕೂರಿಗೆ ನಿಲ್ಲಿಸಿ, ಹಿಡಿ ಮಣ್ಣು ಹಾಕಿಬರಲು ಹೊರಡುತ್ತಾರೆ. ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತು ಸತ್ತರೂ ಮನುಷ್ಯರಿಗೆ ಮಾಡುವಂತೆಯೇ ಸಂಸ್ಕಾರ ನಡೆಯುತ್ತದೆ.

ಇದು ಹಳೆಯ ನೆಲದ ಹಳೆಯ ರೂಢಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆಸಿದಾಗ ಬೃಹತ್ ಶಿಲಾ ಸಮಾಧಿಗಳು ತೆರೆದುಕೊಂಡವು. ಚಪ್ಪಡಿ ನಿಲ್ಲಿಸಿ ಕಟ್ಟಿದ ಕೋಣೆ, ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ, ಸುತ್ತ ಗುಂಡುಕಲ್ಲುಗಳ ಬಳೆ. ಒಳಗೆ ಮೂಳೆ, ಮಡಕೆ, ಕಬ್ಬಿಣದ ಹತಾರ. ಆ ಚಪ್ಪಡಿ ಎತ್ತಿ ನಿಲ್ಲಿಸಲು ಎಷ್ಟು ಜನರ ತೋಳು ಬೇಕಾಯಿತೋ! ದುಃಖಕ್ಕೆ ಊರೇ ಬೇಕು.

ಪಿಡುಗು ಮೊದಲು ಕಿತ್ತುಕೊಳ್ಳುವುದು ಈ ಊರನ್ನು. ಕೊರೊನಾ ಕಾಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದೇಹವನ್ನು ದೂರದಿಂದ ನೋಡಿ ಬಂದವರ ಸಂಕಟ ಇನ್ನೂ ಆರಿಲ್ಲ. ಅವರಿಗೆ ಸಾವಿಗಿಂತ ಆ ಹಿಡಿ ಮಣ್ಣು ಹಾಕಲಾಗದ್ದೇ ಹೆಚ್ಚು ಕೊರೆಯುತ್ತದೆ. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯಲ್ಲೂ ಇದೇ ಸಂಕಟ. ಪ್ಲೇಗು ಹಬ್ಬಿದ ಅಗ್ರಹಾರದಲ್ಲಿ ನಾರಣಪ್ಪನ ಹೆಣ ಎತ್ತುವವರಿಲ್ಲದೆ ಕೊಳೆಯುವುದೇ ಅದರ ನಡುಗಂಬ. ಕಡೆಗೆ ಅವನ ಜೊತೆ ಬಾಳಿದ ಚಂದ್ರಿ ಅದನ್ನು ರಾತ್ರೋರಾತ್ರಿ ಸುಡಿಸುತ್ತಾಳೆ.

ಸತ್ತವರಿಗೆ ಮಣ್ಣು ಹಾಕುವವರು ಯಾರು ಎಂಬ ಈ ಪ್ರಶ್ನೆಯನ್ನು ಇಡೀ ಭೂಮಿಗೆ ಹಿಗ್ಗಿಸಿದವಳು ‘ಫ್ರಾಂಕೆನ್‌ಸ್ಟೈನ್’ ಬರೆದ ಮೇರಿ ಶೆಲ್ಲಿ. 1826ರ ಅವಳ ‘ದಿ ಲಾಸ್ಟ್ ಮ್ಯಾನ್’ ಕಾದಂಬರಿ ನಡೆಯುವುದು ಇಪ್ಪತ್ತೊಂದನೆಯ ಶತಮಾನದ ಕೊನೆಯಲ್ಲಿ. ಮಹಾಮಾರಿ ದೇಶದಿಂದ ದೇಶಕ್ಕೆ ದಾಟುತ್ತಾ ಮನುಷ್ಯಕುಲವನ್ನೇ ಅಳಿಸುತ್ತದೆ. ಇದು ಬರಿಯ ಕಲ್ಪನೆಯೆಂದು ನನಗೆ ಅನ್ನಿಸಿಲ್ಲ. ಆ ಹೊತ್ತಿಗೆ ಅವಳು ಮೂರು ಮಕ್ಕಳನ್ನು ಕಳೆದುಕೊಂಡಿದ್ದಳು. 1822ರಲ್ಲಿ ಗಂಡ ಕವಿ ಶೆಲ್ಲಿ ಸಮುದ್ರದಲ್ಲಿ ಮುಳುಗಿದ್ದ. 1824ರಲ್ಲಿ ಗೆಳೆಯ ಬೈರನ್ ಹೋದ. ಆ ವರ್ಷದ ದಿನಚರಿಯಲ್ಲಿ, ಕೊನೆಯ ಮನುಷ್ಯನ ಪಾಡು ತನ್ನದೇ ಎಂಬಂತೆ ಬರೆದುಕೊಂಡಳು. ಮನೆಯೊಳಗಿನ ಸಾವುಗಳನ್ನು ಹೇಳಿಕೊಳ್ಳಲು ಅವಳಿಗೆ ಲೋಕವನ್ನೇ ಖಾಲಿ ಮಾಡಬೇಕಾಯಿತು.

ಕಥಾನಾಯಕ ಲಯನೆಲ್ ವರ್ನಿ ಒಬ್ಬನೇ ಉಳಿಯುತ್ತಾನೆ. ಕಂಡವರನ್ನೆಲ್ಲ ಕಳುಹಿಸಿಕೊಟ್ಟವನು. ಅವನಿಗೆ ಹಿಡಿ ಮಣ್ಣು ಹಾಕುವವರಿಲ್ಲ. ಹಾಗಾಗಿ ರೋಮಿನಲ್ಲಿ ಕುಳಿತು, ಓದುವವರೇ ಇಲ್ಲದ ಪುಸ್ತಕ ಬರೆಯುತ್ತಾನೆ. ಸತ್ತವರಿಗೆಲ್ಲ ಅದೇ ಸಮಾಧಿ.

ನನಗೆ ಮರೆಯಲಾಗದ್ದು ಅಲ್ಲಿನ ನಾಯಿ. ರೋಮಿನ ಹೊರವಲಯದ ಬಯಲಿನಲ್ಲಿ ಅದು ಕುರಿ ಕಾಯುತ್ತಿರುತ್ತದೆ. ಕುರಿಗಾಹಿ ಸತ್ತಿದ್ದಾನೆ, ನಾಯಿಗೆ ಯಾರೂ ಹೇಳಿಲ್ಲ. ಮಂದೆ ಚದುರದಂತೆ ನೋಡಿಕೊಳ್ಳುತ್ತಾ ಒಡೆಯನ ದಾರಿ ಕಾಯುತ್ತದೆ. ಚಳ್ಳಕೆರೆಯ ಕಾವಲುಗಳಲ್ಲಿ ಮಂದೆಯ ಹಿಂದೆ ನಡೆಯುವ ನಾಯಿಯನ್ನು ಕಂಡವರಿಗೆ ಈ ಪುಟದಲ್ಲಿ ಬಿಡಿಸಿ ಹೇಳಬೇಕಾದ್ದೇನೂ ಇಲ್ಲ. ವರ್ನಿ ಅದನ್ನು ಜೊತೆಗೆ ಕರೆದುಕೊಳ್ಳುತ್ತಾನೆ. ಕೆಲವು ಪುಸ್ತಕ ಹೇರಿಕೊಂಡ ಸಣ್ಣ ದೋಣಿಯಲ್ಲಿ, ಯಾರಾದರೂ ಉಳಿದಿರಬಹುದೆಂದು, ಇಬ್ಬರೂ ಹೊರಡುತ್ತಾರೆ.