ಬಡಿಗೆ ಕೆಳಗಿಟ್ಟವರ ಸೂತಕ

2006ರ ಸೆಪ್ಟೆಂಬರ್ 4, ಸೋಮವಾರ. ಜೇವರ್ಗಿಯ ಕಾಕಾನ ಮನೆಗೆ ಹೋಗಿದ್ದೆ. ಓಣಿಯ ಪೆಂಡಾಲಿನಲ್ಲಿ ಗಣಪತಿ ಇನ್ನೂ ಕುಳಿತಿದ್ದ, ಮೈಕಿನಲ್ಲಿ ಹಾಡು ನಡೆದಿತ್ತು. ಕಾಕಾನ ಮಗ ಆಗ ಏಳನೇ ತರಗತಿ. ಟಿವಿ ಮುಂದೆ ನಿಂತಿದ್ದವನು ಹಾಗೆಯೇ ಗೋಡೆಗೆ ಒರಗಿ ಕುಳಿತುಬಿಟ್ಟ. ಖಾಕಿ ಅಂಗಿ, ಖಾಕಿ ಚಡ್ಡಿಯ ಆ ಮನುಷ್ಯ ಮೊಸಳೆಯ ಮುಂದೆ ಕುಣಿಯುತ್ತಿದ್ದ ಹಳೆಯ ದೃಶ್ಯವನ್ನು ಸುದ್ದಿಯಲ್ಲಿ ಮತ್ತೆ ಮತ್ತೆ ತೋರಿಸುತ್ತಿದ್ದರು. ಆಸ್ಟ್ರೇಲಿಯಾದ ಸ್ಟೀವ್ ಇರ್ವಿನ್ ಸತ್ತಿದ್ದ, ಕಡಲ ಮೀನೊಂದು ಚುಚ್ಚಿ.

ರಾತ್ರಿ ತಾಟಿನಲ್ಲಿ ರೊಟ್ಟಿ ಮುರಿದಿಟ್ಟರೂ ಹುಡುಗ ಮುಟ್ಟಲಿಲ್ಲ. ‘ಕಾಣದ ಊರಿನವಗ ಯಾಕ ಅಳ್ತಿ ಮಗನ?’ ಅಂತ ಕಾಕಿ ಕೇಳಿದರು. ‘ಅಂವ ಹಾವಿಗಿ ಚಂದ ಅದ ಅಂತಿದ್ನವ್ವಾ’ ಅಂದ. ಕಾಕಾ ಕೇಳಿದ್ದೇ ಬೇರೆ: ‘ಆ ಮೀನಿಗಿ ಹೊಡದ್ರಾ, ಇಲ್ಲಾ?’ ಉತ್ತರ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಕಾಕಾ ಕೆಟ್ಟವರಲ್ಲ. ನಮ್ಮ ಕಡೆ ಹಾವು ಕಂಡರೆ ಮೊದಲು ಬಾಯಿಗೆ ಬರುವ ಮಾತೇ ‘ಬಡಿಗಿ ತಾ’ ಎಂಬುದು. ಅದು ಯಾವ ಹಾವು, ವಿಷದ್ದೋ ಅಲ್ಲವೋ ಎಂಬ ಮಾತೆಲ್ಲ ಆಮೇಲೆ. ಕೇರೆಹಾವು ಜಜ್ಜಿಹೋದ ಮೇಲೆ ‘ಛೇ, ಕೇರಿ ಇತ್ತು ಪಾಪ’ ಅನ್ನುತ್ತೇವೆ. ನಾಗರಹಾವು ಸತ್ತರೆ ಬಾಯಿಗೆ ಕಾಸಿಟ್ಟು, ತುಪ್ಪ ಬಿಟ್ಟು, ಮನುಷ್ಯರಿಗೆ ಮಾಡಿದಂತೆಯೇ ಮಣ್ಣು ಮಾಡುವುದನ್ನೋ ಸುಡುವುದನ್ನೋ ನಾನೇ ನೋಡಿದ್ದೇನೆ. ಇಂಥ ಊರಿನ ಹುಡುಗನಿಗೆ ಹಾವಿನ ಪಕ್ಕ ಅಂಗಾತ ಮಲಗಿ, ಅದರ ಕಣ್ಣು ನೋಡಿ, ಎಷ್ಟು ಚೆಲುವೆ ಅಂತ ಕೂಗುವ ಮನುಷ್ಯ ಸಿಕ್ಕಿದ್ದ. ಅವನ ಇಂಗ್ಲಿಷ್ ತಿಳಿಯುತ್ತಿರಲಿಲ್ಲ, ಮುಖ ತಿಳಿಯುತ್ತಿತ್ತು.

ಇರ್ವಿನ್ ಹುಟ್ಟಿದ್ದು 1962ರಲ್ಲಿ, ಮೆಲ್ಬರ್ನ್ ಹತ್ತಿರ. ಅಪ್ಪ ಬಾಬ್, ತಾಯಿ ಲಿನ್ 1970ರಲ್ಲಿ ಕ್ವೀನ್ಸ್‌ಲ್ಯಾಂಡಿನ ಬಿಯರ್ವಾ ಎಂಬ ಊರಿಗೆ ಬಂದು ಉರಗಗಳ ಉದ್ಯಾನ ಕಟ್ಟಿದರು. ಆರನೇ ಹುಟ್ಟುಹಬ್ಬಕ್ಕೆ ಮಗನಿಗೆ ಸಿಕ್ಕ ಉಡುಗೊರೆ ಒಂದು ಹೆಬ್ಬಾವು. ಒಂಬತ್ತನೇ ವಯಸ್ಸಿಗೆ ಅಪ್ಪನ ಕಣ್ಣೆದುರಿನಲ್ಲೇ ಮೊಸಳೆ ಹಿಡಿದ. 1992ರಲ್ಲಿ ಟೆರಿಯನ್ನು ಮದುವೆಯಾದ ಬೆನ್ನಿಗೇ ಗಂಡಹೆಂಡಿರು ಹೊರಟದ್ದು ಮೊಸಳೆ ಹಿಡಿಯಲು. ಆಗ ತೆಗೆದ ಚಿತ್ರವೇ ‘ದಿ ಕ್ರೊಕೊಡೈಲ್ ಹಂಟರ್’ ಸರಣಿಯ ಮೊದಲ ಕಂತಾಯಿತು. ಹೆಸರಿನಲ್ಲಷ್ಟೇ ಬೇಟೆ. ಜನವಸತಿಗೆ ಹತ್ತಿರ ಬಂದು ಗುಂಡಿಗೆ ಬಲಿಯಾಗಲಿದ್ದ ಮೊಸಳೆಗಳನ್ನು ಜೀವಂತ ಹಿಡಿದು ಬೇರೆಡೆ ಸಾಗಿಸುವುದು ಅವನು ಹರೆಯದಿಂದಲೂ ಮಾಡಿದ ಕೆಲಸ. ಅಪ್ಪಮಗ ಮೀನು ಹಿಡಿಯಲು ಹೋದಾಗ ಬರ್ಡೆಕಿನ್ ನದಿಯಲ್ಲಿ ಸಿಕ್ಕ ಹೊಸ ಜಾತಿಯ ಆಮೆಯೊಂದಕ್ಕೆ 1997ರಲ್ಲಿ ಇರ್ವಿನ್ ಹೆಸರನ್ನೇ ಇಟ್ಟರು. ಟಿವಿಯ ಗದ್ದಲದಲ್ಲಿ ಇದು ಯಾರಿಗೂ ಅಷ್ಟಾಗಿ ಗೊತ್ತಾಗಲಿಲ್ಲ.

ಸಾವು ಬಂದದ್ದು ಹಾವಿನಿಂದಲ್ಲ, ಮೊಸಳೆಯಿಂದಲೂ ಅಲ್ಲ. ಪೋರ್ಟ್ ಡಗ್ಲಸ್ ಬಳಿಯ ಬ್ಯಾಟ್ ರೀಫ್ ಎಂಬ ಹವಳದ ದಿಬ್ಬದಲ್ಲಿ ಕಡಲಿನ ಅಪಾಯಕಾರಿ ಜೀವಿಗಳ ಚಿತ್ರೀಕರಣ ನಡೆದಿತ್ತು. ಹವಾಮಾನ ಕೆಟ್ಟು ಕೆಲಸ ನಿಂತಾಗ, ಸುಮ್ಮನೆ ಕೂರಲಾಗದೆ, ಮಗಳು ಬಿಂದಿಯ ಕಾರ್ಯಕ್ರಮಕ್ಕೆ ಒಂದಿಷ್ಟು ದೃಶ್ಯ ಆಗಲಿ ಎಂದು ಆಳವಿಲ್ಲದ ನೀರಿಗೆ ಇಳಿದ. ನಮ್ಮ ಕರಾವಳಿಯವರು ತೊರಕೆ ಎನ್ನುವ ಮೀನು, ತನ್ನ ಪಾಡಿಗೆ ಇರುವ ಸಾಧು. ಬೆದರಿದ ಅದು ಬಾಲದ ಮುಳ್ಳಿನಿಂದ ಎದೆಗೆ ಚುಚ್ಚಿತು. ಅವನಿಗೆ 44 ವರ್ಷ.

ಮುಂದಿನ ದಿನಗಳಲ್ಲಿ ಕ್ವೀನ್ಸ್‌ಲ್ಯಾಂಡಿನ ಕಡಲತೀರಗಳಲ್ಲಿ ಹತ್ತಾದರೂ ತೊರಕೆಗಳು ಸತ್ತು ಬಿದ್ದಿದ್ದವು. ಕೆಲವುಗಳ ಬಾಲ ಕತ್ತರಿಸಿದ್ದರು. ಸ್ಟೀವ್ ಬಯಸುತ್ತಿದ್ದುದು ಇದನ್ನಲ್ಲ ಎಂದು ಅವನ ಸಂಸ್ಥೆಯವರೇ ಮುಂದೆ ಬಂದು ಹೇಳಬೇಕಾಯಿತು. ಈ ಸುದ್ದಿ ಓದಿದಾಗ ಕಾಕಾನ ಪ್ರಶ್ನೆ ನೆನಪಾಗಿ ಎದೆ ಚುರ್ ಎಂದಿತು. ಬಡಿಗೆ ಎಲ್ಲ ಊರಿನಲ್ಲೂ ಇದೆ. ಅತ್ತ ಅವನ ಅಪ್ಪ ಬಾಬ್, ಮಗ ಸಾಮಾನ್ಯ ಮನುಷ್ಯನೆಂದು ಹೇಳಿ ಸರ್ಕಾರಿ ಗೌರವದ ಅಂತ್ಯಕ್ರಿಯೆಯನ್ನೇ ಬೇಡವೆಂದರು. ಸೆಪ್ಟೆಂಬರ್ 20ರಂದು ಅವನದೇ ಮೃಗಾಲಯದ ಮೊಸಳೆ ಅಂಗಳದಲ್ಲಿ ಸಾರ್ವಜನಿಕ ಶ್ರದ್ಧಾಂಜಲಿ ನಡೆಯಿತು. ಕೊನೆಯಲ್ಲಿ ಅವನ ಸಾಮಾನುಗಳನ್ನು ಗಾಡಿಗೆ ಹೇರಿ ಕಳಿಸಿಕೊಟ್ಟ ಸಿಬ್ಬಂದಿ, ಹಳದಿ ಹೂಗಳಲ್ಲಿ ‘ಕ್ರೈಕಿ’ ಎಂದು ಬರೆದರು. ನಮ್ಮಲ್ಲಿ ‘ಯವ್ವಾ’ ಅನ್ನುವ ಹಾಗೆ ಅವನ ಬಾಯಿಯಲ್ಲಿ ಸದಾ ಇದ್ದ ಮಾತು ಅದು.

ಆ ಹುಡುಗನಿಗೆ, ನನ್ನ ತಮ್ಮನಿಗೆ, ಈಗ ಮೂವತ್ತು ದಾಟಿದೆ. ಹಗಲು ಗ್ಯಾರೇಜು, ಉಳಿದ ಹೊತ್ತು ಹಾವು ಹಿಡಿದು ಬಿಡಲು ಬರುವ ಕರೆ. ಆಳಂದ, ಅಫಜಲಪುರದಲ್ಲೂ ಇಂಥ ಗೆಳೆಯರಿದ್ದಾರೆ. ಬಹುತೇಕ ಎಲ್ಲರೂ ಆ ಕಾಲದ ಕೇಬಲ್ ಟಿವಿಯ ಮಕ್ಕಳು. ಸೆಪ್ಟೆಂಬರ್ 4 ಬಂದರೆ ಅವರ ಫೋನುಗಳ ಮೇಲೆ ಖಾಕಿ ಅಂಗಿಯ ಚಿತ್ರ ಏಳುತ್ತದೆ. ಮರುದಿನ ಶಿಕ್ಷಕರ ದಿನಾಚರಣೆಗೆ ಕರೆದ ಶಾಲೆಗೆ ಹೋಗಿ ಹಾವಿನ ಪಾಠ ಹೇಳುತ್ತಾರೆ. ಹಾವು ಒಯ್ಯುವುದಿಲ್ಲ, ಚಿತ್ರ ಮಾತ್ರ.

ನಮ್ಮ ಕರಿಮಣ್ಣು ಬೇಸಿಗೆಯಲ್ಲಿ ಮೊಣಕೈ ಇಳಿಯುವಷ್ಟು ಬಿರಿಯುತ್ತದೆ. ಆ ಬಿರುಕಿನಲ್ಲಿ ಇಲಿ, ಇಲಿಯ ಹಿಂದೆ ಹಾವು. ತೊಗರಿ ಕೊಯ್ದು ಕಟ್ಟು ಒಟ್ಟಿದರೆ ಅದರ ಕೆಳಗೂ ಅದೇ ಸಂಸಾರ. 2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು ಅಂದಾಜು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆದೇಶಿಸಿತು. ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ. ಮನೆಯಲ್ಲಿ ಒಬ್ಬರನ್ನು ಹಾವಿಗೆ ಕಳೆದುಕೊಂಡವರಿಗೆ ‘ಹಾವು ಚೆಲುವೆ’ ಎಂದು ಹೇಳುವುದಕ್ಕೆ ನಾಲಗೆ ಏಳುವುದಿಲ್ಲ. ನನ್ನ ತಮ್ಮನೂ ಹೇಳುವುದಿಲ್ಲ. ದವಾಖಾನೆಗೆ ಮೊದಲು ಹೋಗಿ, ಮಂತ್ರ ಆಮೇಲೆ ಹಾಕಿಸಿ ಎನ್ನುತ್ತಾನೆ. ಕಚ್ಚಿದಾಗ ಬದುಕಿಸುವ ಮದ್ದು ಕೂಡ ಹಾವಿನ ವಿಷದಿಂದಲೇ ಆಗುತ್ತದೆ ಎನ್ನುತ್ತಾನೆ. ತಮಿಳುನಾಡಿನ ಇರುಳ ಬುಡಕಟ್ಟಿನವರು 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘ ಇಂದಿಗೂ ಆ ವಿಷ ಒದಗಿಸುತ್ತಿದೆ.

ಅಫಜಲಪುರದ ಕಡೆ ಮಾತು ಹಾವಿಗೇ ಮುಗಿಯುವುದಿಲ್ಲ. ಅಲ್ಲಿ ಭೀಮಾ ನದಿ, ನದಿಯಲ್ಲಿ ಮೊಸಳೆ. 2023ರಲ್ಲಿ ಗೊಬ್ಬೂರು (ಬಿ) ಗ್ರಾಮದ ರೈತರು ಸಿಕ್ಕ ಮೊಸಳೆಯನ್ನು ಹಗ್ಗದಿಂದ ಬಿಗಿದು, ಎತ್ತಿನ ಬಂಡಿಯಲ್ಲಿ ಹೇರಿ ವಿದ್ಯುತ್ ಕಚೇರಿಗೆ ಒಯ್ದರು. ರಾತ್ರಿ ಕರೆಂಟು ಕೊಟ್ಟರೆ ಕತ್ತಲಲ್ಲಿ ನೀರು ಬಿಡಲು ಹೋಗಬೇಕು, ಹಗಲು ಕೊಡಿ ಎಂಬುದು ಅವರ ಕೂಗು. ಅದೇ ವರ್ಷ ವಿಜಯಪುರ ಜಿಲ್ಲೆಯ ರೋಣಿಹಾಳದಲ್ಲೂ ಹೀಗೇ ಆಯಿತು. ರೈತರ ಬೇಡಿಕೆ ನೂರಕ್ಕೆ ನೂರು ನ್ಯಾಯ. ಆದರೂ ಆ ಚಿತ್ರ ನೋಡಿದಾಗ ನನ್ನ ತಮ್ಮನ ಕಣ್ಣು ಹೋದದ್ದು ಮೊಸಳೆಯ ಕಣ್ಣಿನ ಕಡೆಗೆ. ‘ಒಂದು ಹಸಿ ಚೀಲ ಕಣ್ಣಮ್ಯಾಲ ಹಾಕಿದ್ರ ತಣ್ಣಗಾಗ್ತಿತ್ತಣ್ಣಾ’ ಎಂದ. ಇರ್ವಿನ್ ಕೂಡ ಮೊಸಳೆ ಹಿಡಿದಾಗ ಅದರ ಕಣ್ಣು ಮುಚ್ಚುತ್ತಿದ್ದ.

ಒಂದು ವಿಷಯದಲ್ಲಿ ಮಾತ್ರ ಇರ್ವಿನ್ ಹಾದಿ ನಮ್ಮ ಹುಡುಗರಿಗೆ ಬೇಡ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಬರಿಗೈಯಲ್ಲಿ ಬಾಲ ಹಿಡಿದೆತ್ತಿ ಕ್ಯಾಮೆರಾ ಕಡೆ ತಿರುಗುವ ಹಾದಿ ಅದು. 2022ರ ಆಗಸ್ಟ್‌ನಲ್ಲಿ ನೆಲಮಂಗಲದ ಸ್ನೇಕ್ ಲೋಕೇಶ್, 2023ರ ಮೇ ತಿಂಗಳಲ್ಲಿ ಚಿಕ್ಕಮಗಳೂರಿನ ಸ್ನೇಕ್ ನರೇಶ್ ನಾಗರಹಾವು ಕಚ್ಚಿ ತೀರಿಕೊಂಡರು. ಇಬ್ಬರೂ ಪಳಗಿದವರು, ಊರಿಗೆಲ್ಲ ಬೇಕಾದವರು. ನರೇಶ್ ಸತ್ತ ದಿನ ತಮ್ಮ ಗ್ಯಾರೇಜು ತೆರೆಯಲಿಲ್ಲ. ಅಂದಿನಿಂದ ಅವನ ಬೈಕಿಗೆ ಎರಡು ಸಾಮಾನು ಕಾಯಂ: ಕೊಕ್ಕೆಯ ಸಲಾಕೆ, ಒಂದು ತುದಿಗೆ ಕರಿ ಚೀಲ ಕಟ್ಟಿದ ಪಿವಿಸಿ ಪೈಪು. ಹಿಡಿಯುವ ವಿಡಿಯೊ ಹಾಕುವುದನ್ನು ಬಿಟ್ಟ.

ಹೋದ ತೊಗರಿ ಸುಗ್ಗಿಯಲ್ಲಿ ಇಬ್ಬರೂ ಆಳಂದಕ್ಕೆ ಅವನ ಗೆಳೆಯನ ಮನೆಗೆ ಹೋಗಿದ್ದೆವು. ಚಹಾ ಕುಡಿಯುವಷ್ಟರಲ್ಲಿ ಕರೆ ಬಂತು. ಊರ ಹೊರಗಿನ ಹೊಲ, ತೊಗರಿ ಬಣವೆ. ನಾಲ್ಕು ಜನ ಬಡಿಗೆ ಹಿಡಿದು ನಿಂತಿದ್ದರು. ಬಣವೆಯೊಳಗಿಂದ ಕುಕ್ಕರಿನಂಥ ಬುಸ್ಸು. ಕಟ್ಟು ಒಂದೊಂದಾಗಿ ಕೊಕ್ಕೆಯಿಂದ ಎಳೆದಾಗ ಕಂಡಿತು, ಕೊಳಕುಮಂಡಲ. ತೋಳುದಪ್ಪದ ಮೈ, ಬೆನ್ನಮೇಲೆ ಸರಪಳಿ ಹೆಣೆದಂತೆ ಕಂದು ಬಣ್ಣದ ಮಚ್ಚೆ. ಗೆಳೆಯ ಪೈಪಿನ ಬಾಯಿಯನ್ನು ಅದರ ಮುಂದೆ ನೆಲಕ್ಕೆ ಒತ್ತಿದ. ತಮ್ಮ ಹಿಂದಿನಿಂದ ಕೊಕ್ಕೆಯಲ್ಲಿ ಮೆಲ್ಲಗೆ ತಟ್ಟಿದ. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ತಲೆ ಕತ್ತಲೆಯ ಕಡೆ ತಿರುಗಿತು, ಬಿಲ ಹೊಕ್ಕಂತೆ ಒಳಗೆ ಹರಿದುಹೋಯಿತು. ಚೀಲದ ಬಾಯಿ ಬಿಗಿದರು. ಯಾರೂ ಕೈಯಲ್ಲಿ ಮುಟ್ಟಲಿಲ್ಲ.

ಅರಣ್ಯ ಇಲಾಖೆಗೆ ಫೋನು ಮಾಡಿ ಬದುವಿನ ಮೇಲೆ ಕುಳಿತಾಗ, ಹೊಲದ ಮುದುಕರು ಬೈಕಿನ ಪೆಟ್ಟಿಗೆಯ ಮೇಲೆ ಅಂಟಿಸಿದ ಇರ್ವಿನ್ ಚಿತ್ರ ನೋಡಿ ಯಾರಿವರು ಎಂದರು. ತಮ್ಮ ಹೇಳಿದ. ಎಲ್ಲ ಕೇಳಿ ಅವರು ಅಂದದ್ದು ಅದೇ ಮಾತು:

‘ಮತ್ತ ಆ ಮೀನಿಗಿ ಏನ್ ಮಾಡಿದ್ರು?’

‘ಏನೂ ಮಾಡಲಿಲ್ಲ ಕಾಕಾ. ಜೊತೀಗಿದ್ದಂವ ಕ್ಯಾಮೆರಾದಾಗ ನೋಡ್ಯಾನ. ಅದು ತನ್ನ ಪಾಡಿಗಿ ಈಸಿಕೊಂತ ಹೋಯ್ತು.’

ಮುದುಕರು ಸ್ವಲ್ಪ ಹೊತ್ತು ಸುಮ್ಮನಿದ್ದು ಚೀಲದ ಕಡೆ ಗದ್ದ ಎತ್ತಿದರು. ‘ಇದಕ್ಕ ದೂರ ಬಿಡ್ರಿ ಮತ್ತ. ನಮ್ಮ ಹೊಲದಾಗ ಕೂಲಿ ಹೆಣ್ಮಕ್ಕಳು ಬರ್ತಾರ.’